ತಲೆ ತುಂಬ ನೊರೆ

…ಬೇಡಕ್ಕಾ, ಈಗ್ಲೇ ತೊಳೀಬೇಡಿ! ಇನ್ನೊಂಚೂರು ಉಜ್ಜಿ. ಕುರ್ಚಿ ಹಿಂದಕ್ಕೆ ಬಾಗಿಸಬೇಡಿ, ನೆಟ್ಟಗೇ ಇರಲಿ. ಕನ್ನಡಿಯಲ್ಲಿ ನಿಮ್ಮ ಮುಖ ಕಾಣ್ತಾ ಇದ್ರೆ ನನಗೆ ಧೈರ್ಯ, ಬಾಂಗ್‌ಛಿ ಅಕ್ಕ.

ಯಾಕೆ ನಗ್ತೀರಿ? ಕುರ್ಚಿ ಗಟ್ಟಿಯಾಗಿ ಹಿಡ್ಕೊಂಡಿದೀನಾ? ಹಿಡ್ಕೊಳ್ದೆ ಏನ್ಮಾಡ್ಲಿ! ಊಟ ಆದಮೇಲೆ ನಿಮ್ಮ ಇದೇ ಪಾರ್ಲರಿನಲ್ಲಿ ಸಭೆ ಕೂಡುತ್ತೆ, ಝಾನ್ ಪಾಸ್ಟರೂ ನೀವೂ ಈ ತಲೆ ಮೇಲೆ ಕೈಯಿಡ್ತೀರಿ, ಎದ್ದಾಗ ನಾನು ಪಾಸ್ಟರ್! ನಾನು! ಹಡಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಅರ್ಧ ಪ್ರಪಂಚ ಸುತ್ತಿದ ಬೀ-ಯುನ್! ನನ್ನ ಬಾಯಿಗೆ ಹೆದರದ ನಾವಿಕನಿರಲಿಲ್ಲ… ಆ ಬಾಯಲ್ಲಿ ಇನ್ನು ಆಶೀರ್ವಾದ ಹೊರಡಬೇಕಂತೆ. ನೀವೇ ಇಷ್ಟು ನಗ್ತಿದೀರಿ, ದೇವರು ಬಿದ್ದು ಬಿದ್ದು ನಗ್ತಿರಬೇಕು.

ಅಕ್ಕಾ… ಕೈಯಿಡೋ ಮುಂಚೆ ದೀಕ್ಷಾಸ್ನಾನದ ಆ ಮಾತಿದೆಯಲ್ಲ, ಅದನ್ನ ಹೇಳಲೇಬೇಕಾ? 'ನಾನು ಇಂಥಾ ನೀರಿಗಿಳಿದೆ, ಇಂಥವರು ನನ್ನನ್ನ ಎತ್ತಿದರು' ಅಂತ? ಬರೀ ಹೂಂ ಅಂದ್ರೆ ಸಾಲದಾ? ಗೊತ್ತು, ಗೊತ್ತು, ಸಾಲದು. ಈಜು ಬರದಿದ್ರೂ ಸೊಂಟಮಟ್ಟ ಸಮುದ್ರಕ್ಕಿಳಿದು, ಈ ಸಭೆಯ ಅರ್ಧ ಜನರನ್ನ ಮುಳುಗಿಸಿ ಎತ್ತಿದವರು ನೀವು. ನಿಮ್ಮನ್ನ ಕೇಳ್ತಿದೀನಿ ನೋಡಿ!

ಸರಿ, ಅಭ್ಯಾಸ ಮಾಡ್ತೀನಿ, ಕೇಳಿ. 'ನಾನು ಬೂಸಾನ್ ಬಂದರಿನ ಆಚೆ ಬೆಟ್ಟದ ಮೇಲಿನ ಒಂದು ಹೊಳೆಗಿಳಿದೆ. ಮಂಜು ಕರಗಿದ ನೀರು, ಹಲ್ಲು ಕಟಕಟ ಅಂತಿತ್ತು…' ಹುಬ್ಬೇರಿಸಬೇಡಿ! ಚೆನ್ನಾಗಿಲ್ವಾ?

ಎಷ್ಟು ಬಂದರು, ಎಷ್ಟು ಚರ್ಚು ನೋಡಿದೆ! ಎಲ್ಲ ಕಡೆ ಹೊಸ್ತಿಲಲ್ಲೇ ವಿಚಾರಣೆ. ಯಾರ ಮಗಳು, ಗಂಡ ಎಲ್ಲಿ, ದೀಕ್ಷಾಸ್ನಾನ ಯಾವಾಗ. ಈ ಕೀಲುಂಗಿನಲ್ಲಿ ಮಳೆಗೆ ಹೆದರಿ ನಿಮ್ಮ ಪಾರ್ಲರಿಗೆ ನುಗ್ಗಿದೆ, ಒಳಗೆ ಹಾಡು! ಟವೆಲ್ಲು ಕೊಟ್ರಿ, ಒಂದು ಬಟ್ಟಲು ಮೀನುಂಡೆ ಸಾರು ಕೊಟ್ರಿ, ಪ್ರಭುಭೋಜನದ ರೊಟ್ಟಿ ಮುರಿದು ಹಂಚ್ತಿದ್ರಿ, ಅದನ್ನೂ ಕೊಟ್ರಿ. ಯಾರೂ ಏನೂ ಕೇಳಲಿಲ್ಲ. ಬಂದವರ ಹಿಂದಿನದನ್ನ ಕೆದಕೋ ಹಾಗಿಲ್ಲ, ಅದೇ ನಿಮ್ಮ ಕಟ್ಟಳೆ ಅಂತ ಆಮೇಲೆ ಗೊತ್ತಾಯ್ತು. ಎಂಥಾ ಒಳ್ಳೇ ಜನ! ಎಂಥಾ… ಎಂಥಾ ಅಪಾಯದ ಜನ ನೀವು! ಒಬ್ಬರಾದ್ರೂ ಕೇಳಿದ್ದಿದ್ರೆ…

ಏನಿಲ್ಲ. ಸುಮ್ನೆ ಅಂದೆ. ಉಜ್ಜಿ.

ನೀವೆಲ್ಲ ಹೊರಗೆ ಹಾಕಿದ್ರೆ ಎಲ್ಲಿಗೆ ಹೋಗ್ಲಿ? ಅಲ್ಲ, ಮಾತಿಗೆ! ಹಡಗಿಗೇನು ಬರವಿಲ್ಲ. ಆದ್ರೆ ಭಾನುವಾರ ನಾನು ಬರೋದು ತಡವಾದ್ರೆ ಬಾಗಿಲ ಕಡೆ ಕತ್ತು ತಿರುಗಿಸಿ ನೋಡೋರು ಇನ್ಯಾವ ಊರಲ್ಲೂ ಇಲ್ಲ.

ಎಲ್ಲಿಗೆ ಬಂದಿದ್ದೆ? ಹ್ಞಾಂ, ನೀರು. 'ಆ ಪಾಸ್ಟರು ನನ್ನ ಕತ್ತು ಹಿಡಿದು ಹಿಂದಕ್ಕೆ ಬಾಗಿಸಿದರು, ಮೂಗಿಗೆ ಬಾಯಿಗೆ ಉಪ್ಪುನೀರು ನುಗ್ಗಿ, ಕಣ್ಣಿಗೆ ಕತ್ತಲೆ ಕವಿದು…'

ಅಕ್ಕಾ? ಕೈ ಯಾಕೆ ನಿಲ್ಲಿಸಿದ್ರಿ?

ಬೆಟ್ಟದ ಹೊಳೆಗೆ ಉಪ್ಪೆಲ್ಲಿಂದ ಬಂತು ಅಂತಾನಾ? ಅದು… ಬೆಟ್ಟ ಅಂದ್ರೆ ಸಮುದ್ರದ ಪಕ್ಕದ… ಕನ್ನಡಿಯೊಳಗಿಂದ ಹಾಗೆ ನೋಡಬೇಡಿ. ಬೈದುಬಿಡಿ ಬೇಕಾದ್ರೆ!

ನಿಮಗೆ ಗೊತ್ತಿತ್ತು. ಅಲ್ವಾ? ತಲೆ ತೊಳೆಯುವಾಗ ನಾನು ಯಾವತ್ತೂ ಹಿಂದಕ್ಕೆ ಒರಗಲ್ಲ, ಮುಂದಕ್ಕೇ ಬಗ್ತೀನಿ, ಮುಖಕ್ಕೆ ಟವೆಲ್ಲು ಒತ್ತಿಕೊಂಡು… ನಿಮ್ಮ ಕೈಗೆ ಗೊತ್ತಾಗದೆ ಇರುತ್ತಾ.

ಹೊಳೆಯೂ ಇಲ್ಲ ಅಕ್ಕಾ, ಪಾಸ್ಟರೂ ಇಲ್ಲ. ಉಪ್ಪುನೀರೊಂದೇ ನಿಜ. ಹಡಗಿನ ಡೆಕ್ಕಿನಿಂದ ಅಲೆ ನಮ್ಮಿಬ್ಬರನ್ನ ಎಳಕೊಂಡು ಹೋಯ್ತು. ನನ್ನನ್ನ ಎತ್ತಿದ್ರು, ನನ್ನ ಅಡುಗೆಮನೆಯ ಜೊತೆಗಾತಿ ಸಿಗಲಿಲ್ಲ. ಆಮೇಲೆ ನೀರೊಳಗೆ ಮುಖ ಇಟ್ಟಿಲ್ಲ. ಇಟ್ಟೇ ಇಲ್ಲ! ದೀಕ್ಷಾಸ್ನಾನವೇ ಆಗದೆ ನಿಮ್ಮ ರೊಟ್ಟಿ ತಿಂದಿದೀನಿ, ಪಾಸ್ಟರ್ ಆಗೋಕೆ ಹೊರಟಿದೀನಿ…

ಎಲ್ಲಿಗೆ ಹೊರಟ್ರಿ? ಝಾನ್ ಪಾಸ್ಟರಿಗೆ ಹೇಳ್ತೀರಾ? ಅಕ್ಕಾ!

ಇದೇನು, ಹೆಲ್ಮೆಟ್ಟಾ? ನೊರೆ ತಲೆ ಮೇಲೇನಾ? ಆಯ್ತು, ಹೋಗ್ತೀನಿ, ತಲೆ ತೊಳ್ಕೊಂಡಾದ್ರೂ ಹೋಗ್ತೀನಿ, ಬಾಗಿಲಿಂದಾಚೆ ದಬ್ಬಬೇಡಿ…

ಇನ್ನೊಂದು ಹೆಲ್ಮೆಟ್ ಯಾರಿಗೆ?

ನೀವ್ಯಾಕೆ ಹಾಕ್ಕೋತಿದೀರಿ? ಸ್ಕೂಟರನ್ನ ಸಮುದ್ರದ ಕಡೆಗೆ ಯಾಕೆ ತಿರುಗಿಸ್ತಿದೀರಿ? ಈಗ್ಲೇ ನನ್ನನ್ನ ಮುಳುಗಿಸಿ ಎತ್ತೋಕಾ? ಅಕ್ಕಾ, ಅಲೆ ಜೋರಿದೆ… ನಿಮಗೆ ಈಜು ಬರಲ್ಲ, ನನಗೆ ಧೈರ್ಯ ಬರಲ್ಲ… ಬೇಡ… ಬೇಡ ಅಂದ್ನಲ್ಲ…

ಹೊರಡಬೇಡಿ! ತಡೀರಿ… ಹತ್ತಿ ಕೂರ್ತೀನಿ.