ಕೊನೆಯ ಸರದಿ

ಮಾತಾಡಿಸಲೇ, ಬೇಡವೇ? ಗ್ಲಾಸ್ಗೋದ ಆ ಬಸ್ ನಿಲ್ದಾಣದಲ್ಲಿ ಮುಂದೆ ನಿಂತಿದ್ದ ಮುದುಕಿಯರಿಬ್ಬರ ದನಿ ಡೂಗಲ್‌ಗೆ ಗುರುತು ಸಿಕ್ಕಿತ್ತು. ಕೆಡವಿಹಾಕಿದ ಹಳೆಯ ವಠಾರದಲ್ಲಿ ಎಫಿ, ನೆಟ್ಟಾ ಇಬ್ಬರೂ ಅವನ ನೆರೆಯವರಾಗಿದ್ದರು. ಅವರಿಗೆ ಅವನ ಗುರುತು ಸಿಕ್ಕಿರಲಿಲ್ಲ.

“ಹದಿನೆಂಟನೇ ಮಹಡೀಲಿದೀನಿ. ಪಕ್ಕದ್ಮನೇಲಿ ಯಾರಿದಾರೋ ಗೊತ್ತಿಲ್ಲ ಕಣೇ,” ಎಂದಳು ಎಫಿ.

“ಆ ಹಳೇ ವಠಾರದಲ್ಲಿ ನಾಲ್ಕು ಮನೆಗೆ ಒಂದು ಕಕ್ಕಸು. ಅದಕ್ಕೆ ಕೊರಗ್ತೀಯಾ?” ಎಂದಳು ನೆಟ್ಟಾ.

“ಕಕ್ಕಸಿಗಲ್ಲ, ಆ ರಟ್ಟಿಗೆ. ‘ಮೆಟ್ಟಿಲು ತೊಳೆಯುವ ಸರದಿ ನಿಮ್ಮದು’ ಅಂತ, ತೊಳೆದಾದ್ಮೇಲೆ ಮುಂದಿನ ಮನೆ ಬಾಗಿಲಿಗೆ ನೇತಾಕ್ತಿದ್ವಲ್ಲ. ಅದು ಬಂದ್ರೆ, ನಾನೂ ಇಲ್ಲಿದೀನಿ ಅನ್ನಿಸ್ತಿತ್ತು.”

“ಕೊನೇಲಿ ಯಾರ ಹತ್ರ ಉಳೀತೋ.”

“ಮೇಲ್ಮನೆ ಸೆಂಗಾ ಬಾಗಿಲಿಗೆ ನಾನು ಹೊರಡೋ ದಿನ ನಾನೇ ಹಾಕಿದ್ದೆ. ತೊಳೀದೇ ಗಂಟುಮೂಟೆ ಕಟ್ಟಿರ್ತಾಳೆ, ಮೈಗಳ್ಳಿ.”

ಸೆಂಗಾ ಡೂಗಲ್‌ನ ತಾಯಿ. ತೀರಿಹೋಗಿ ವರ್ಷವಾಗಿತ್ತು.

“ನಾಳೆ ಕೆಡವೋ ಮೆಟ್ಟಿಲನ್ನ ನೀನಾದ್ರೆ ತೊಳೀತಿದ್ಯಾ?” ಎಂದಳು ನೆಟ್ಟಾ.

“ತೊಳೀತಿದ್ದೆ.”

ಬಸ್ ಬಂತು. ನೆಟ್ಟಾಳ ತೋಳು ಹಿಡಿದು ಎಫಿ ಹತ್ತಿದಳು. ಡೂಗಲ್ ನಿಲ್ದಾಣದಲ್ಲೇ ಉಳಿದ, ಬಾಗಿಲು ಮುಚ್ಚಿತು.

ಮನೆ ಬಿಟ್ಟ ದಿನ ತಾಯಿ ಮಂಡಿಯೂರಿ ಕೊನೆಯ ಮೆಟ್ಟಿಲವರೆಗೂ ತೊಳೆದಿದ್ದಳು. ಆಮೇಲೆ ನೇತುಹಾಕಲು ಜನವಿರುವ ಬಾಗಿಲು ಒಂದೂ ಉಳಿಯದೆ, ರಟ್ಟನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ಅದನ್ನು ಡೂಗಲ್ ಹೇಳಲೇ ಇಲ್ಲ.