ಹೇಸರಗತ್ತೆಗೆ ಹೊದಿಸಿದ ಕಂಬಳಿ

...ಅಲ್ಲ ಅಭಿ, ಮೊದಲು ಈ ಅಜ್ಜಿ ಹೇಳೋದನ್ನ ತಿಳ್ಕೋ. ಕಮಲಾಪುರದಲ್ಲಿ ನಮ್ಮದು ನಾಲ್ಕು ತಲೆಮಾರಿನಿಂದ ಹೆಸರಿದ್ದ ಮನೆ. ನನ್ನಜ್ಜ ಊರಿನ ನ್ಯಾಯ ಹೇಳ್ತಿದ್ದರು, ಅಪ್ಪ ಹೆಡ್‌ಮಾಸ್ಟರು. ನಮ್ಮ ಮನೆಯವರು ಒಂದು ಮಾತು ಹೇಳಿದರೆ ಯಾರೂ ಸಾಕ್ಷಿ ಕೇಳ್ತಿರಲಿಲ್ಲ. ಜಂಬಕ್ಕೆ ಹೇಳ್ತಿಲ್ಲ. ಸರಿ, ಸ್ವಲ್ಪ ಜಂಬಾನೂ ಇದೆ ಅನ್ನು, ಆದರೆ ಈ ಮಾತಿಗೆ ಅದು ಬೇಕು. ನೆಟ್ಟಗೆ ಕೂತ್ಕೋ.

ಅಪ್ಪ ತೀರಿಕೊಂಡ ವರ್ಷ ಸಂಡೂರಿನ ಒಂದು ಕಾನ್ವೆಂಟಿನಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತು. ಮನೆಯಲ್ಲಿ ಅಮ್ಮ, ಇಬ್ಬರು ತಮ್ಮಂದಿರು, ದುಡಿಯೋಳು ನಾನೊಬ್ಬಳೇ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಶಾಲೆ ನಡೆಸ್ತಿದ್ದ ಮದರ್ ಕರೆದು, ನಾಲ್ಕು ಮಕ್ಕಳನ್ನ ಒಂದು ಹೇಸರಗತ್ತೆ ಮೇಲೆ ಸರದಿಯಾಗಿ ಕೂರಿಸಿ ಗುಡ್ಡ ತೋರಿಸ್ಕೊಂಡು ಬಾ ಅಂದರು. ನಾಲ್ಕಲ್ಲ, ಐದು. ಸುಮಾ ಕೊನೆಗೆ ಸೇರಿಕೊಂಡಳು. ದಾರಿ ತೋರಿಸೋಕೆ ಬಂಡ್ರಿಯ ಹುಸೇನಪ್ಪ ಬಂದಿದ್ದ. ಶಾಲೆಗೆ ಸೌದೆ, ನೀರು ಹೊರ್ತಿದ್ದದ್ದು ಅವನ ಪ್ರಾಣಿಗಳೇ. ಆಗ ಚಳಿ ಹೇಗಿತ್ತು ಗೊತ್ತಾ, ಮಕ್ಕಳ ಹಲ್ಲು ಕಟಕಟ ಅಂತಿದ್ದವು.

ಮೇಲೆ ಹತ್ತಿ ನಿಂತ ಕೂಡಲೇ ಈ ಹುಸೇನಪ್ಪ ಏನು ಮಾಡಿದ, ದಾರಿಯಲ್ಲಿ ಸುಮಾಗೆ ಹೊದೆಯೋಕೆ ಕೊಟ್ಟಿದ್ದ ತನ್ನ ಕಂಬಳಿ ತೆಗೆದು ಹೇಸರಗತ್ತೆ ಮೇಲೆ ಹಾಕಿದ. ನನಗೆ ಮೈ ಉರೀತು. "ಮಗು ನಡುಗ್ತಿದೆ, ನೀನು ಪ್ರಾಣಿಗೆ ಹೊದಿಸ್ತೀಯಾ?" ಅಂದೆ.

"ಅಮ್ಮಾರ, ಕೂಸು ನನ್ನ ರುಮಾಲು ಸುತ್ಕೊಳ್ಳಲಿ. ಇದು ಏರು ಹತ್ತಿ ಭಾಳ ಬೆವತೈತ್ರಿ. ಗಾಳಿಗೆ ನಿಂತ್ರ ಕಾಲು ಸೆಟಿತಾವ. ಇಳಿಯೋದೈತಿ, ಕಂಬಳಿ ತೆಗೀಬ್ಯಾಡ್ರಿ."

ಸುಮಾ ಕಿಲಕಿಲ ನಕ್ಕು, "ಟೀಚರ್, ಅದಕ್ಕೊಂದು ಸ್ವೆಟರ್ ಹೆಣೀರಿ" ಅಂದಳು. ಮಕ್ಕಳೆಲ್ಲ ನಕ್ಕರು. ನನ್ನನ್ನೇ ನೋಡಿ ನಕ್ಕಂತಾಯಿತು. ನಾನೇ ಕಂಬಳಿ ಎಳೆದು ಸುಮಾಗೆ ಹೊದಿಸಿದೆ. ಅವನ ಬೆವರಿನ ರುಮಾಲು ನಮ್ಮ ಶಾಲೆ ಮಗುವಿಗಾ ಅಂತ ಬೇರೆ ಅಂದೆ. ಅರ್ಧ ಗಂಟೆ ಗಾಳಿಯಲ್ಲೇ ಕೂತು ಬುತ್ತಿ ತಿಂದ್ವಿ.

ಇಳಿಜಾರಿನಲ್ಲಿ ಹೇಸರಗತ್ತೆಯ ಮುಂಗಾಲು ಮಡಚಲಿಲ್ಲ. ಮುಗ್ಗರಿಸಿತು, ಅದರ ಮೇಲೆ ಕೂತಿದ್ದ ಸುಮಾ ಕಲ್ಲಿನ ಮೇಲೆ ಬಿದ್ದಳು, ಕೈ ಮುರೀತು. ಹುಸೇನಪ್ಪ ಅವಳನ್ನ ಹೆಗಲ ಮೇಲೆ ಹೊತ್ತು ಆಸ್ಪತ್ರೆವರೆಗೂ ನಡೆದ.

ಸಂಜೆ ಮದರ್ ಕೇಳಿದರು, "ಯಾರ ತಪ್ಪು?" ಕೆಲಸ ಹೋದರೆ ಮನೇಲಿ ಒಲೆ ಹತ್ತಲ್ಲ, ಅದೊಂದೇ ತಲೆಯಲ್ಲಿ. "ಅವನು ಪ್ರಾಣೀನ ಸರಿಯಾಗಿ ನೋಡ್ಕೊಳ್ಳಲಿಲ್ಲ" ಅಂದೆ. ಅವನು ಬಾಗಿಲಲ್ಲೇ ನಿಂತಿದ್ದ. ಅವನನ್ನ ಒಂದು ಮಾತು ಕೇಳಲಿಲ್ಲ ಅವರು. ಕಮಲಾಪುರದ ಹೆಡ್‌ಮಾಸ್ಟರ ಮಗಳು ಹೇಳಿದ ಮೇಲೆ ಮುಗೀತಲ್ಲ. ಮರುದಿನದಿಂದ ಸೌದೆ ಬೇರೆಯವರು ತಂದರು. ನಾನು ಕಾಯಂ ಆದೆ.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಂಡ್ರಿಗೆ ಹೋದೆ. ಹುಸೇನಪ್ಪ ತೀರಿಕೊಂಡಿದ್ದ. ಅವನ ಸೊಸೆ ಚಹಾ ಕೊಟ್ಟಳು. ಯಾಕೆ ಬಂದಿರಿ ಅಂದಳು. ಸುಮ್ಮನೆ ಅಂದೆ.

ಇವತ್ತು ಬೆಳಿಗ್ಗೆ ಹಂಪಿಯಲ್ಲಿ ನಿನ್ನನ್ನ ಹೇಸರಗತ್ತೆ ಮೇಲೆ ಕೂರಿಸಿದ ಆ ಹಿರಿಯರು, ಅದು ಬೆವತಿದೆ, ಸ್ವಲ್ಪ ನಿಲ್ಲಿಸೋಣ ಅಂದಾಗ ನೀನು "ಲೇ, ಸುಮ್ನೆ ನಡೆಸು" ಅಂದೆ. ಕೇಳಿಸಿಕೊಂಡೆ ನಾನು. ಅವರಿನ್ನೂ ಇದ್ದಾರೆ, ಅಲ್ಲೇ ಕಮಲಾಪುರದ ಬಸ್‌ಸ್ಟ್ಯಾಂಡ್ ಹತ್ತಿರ. ಚಪ್ಪಲಿ ಹಾಕ್ಕೋ. ಹೋಗಿ, ತಪ್ಪಾಯ್ತು ಅಂತ ಕೇಳ್ಕೊಂಡು ಬಾ.