ಗೂಬೆಯ ಒಪ್ಪಿಗೆ

ದೀಪ ಇರಲಿ, ಆರಿಸಬೇಡಿ. ಇದು ಹೆದರಿಸೋಕೆ ಹೇಳ್ತಿರೋ ಕತೆಯಲ್ಲ. ನೆನೆಸಿಕೊಂಡ್ರೆ ನನಗೆ ಹೆದರಿಕೆಗಿಂತ ಹೇಸಿಗೆನೇ ಜಾಸ್ತಿ ಆಗೋದು. ನಮ್ಮ ಚಿಕ್ಕಪ್ಪನ ಮಗನಿಗೆ ಆಗಿದ್ದು. ಸುಳ್ಳು ಹೇಳಿ ನನಗೇನು ಬರಬೇಕಾಗಿದೆ?

ಕೊನೇ ಬಸ್ಸಿಳಿದು ಮನೆಗೆ ನಡ್ಕೊಂಡು ಬರ್ತಿದ್ದ. ಬೀದಿ ತಿರುವಲ್ಲಿ ಒಂದು ಹಾಳು ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದನ್ನ ದಾಟಿದ್ರೆ ಬಟ್ಟೆ ಹೊಲಿಯೋ ಹೊಲಿಗೆಯಮ್ಮನ ಮನೆ. ಅಲ್ಲಿಗೆ ಬರೋ ಹೊತ್ತಿಗೆ... ಟಿಂಗ್. ಆಮೇಲೆ, ಕಿರ್‌ರ್... ಯಾರೋ ಹಳೇ ಕುರ್ಚಿ ಮೇಲೆ ಕೂತ ಹಾಗೆ.

ಇವನು ನಿಂತುಬಿಟ್ಟ. ಆ ಮನೆ ಮಗ ತೀರಿಕೊಂಡು ತಿಂಗಳಾಗಿತ್ತು. ಈಗ ಹೊಲಿಗೆಯಮ್ಮ ಒಬ್ಬರೇ ಇದ್ದದ್ದು. ಕಿಟಕಿ ಸ್ವಲ್ಪ ತೆರೀತು.

“ನಿಂಗೂ ಕೇಳಿಸ್ತಾ?”

“...ಹೂಂ.”

“ಒಳಗೆ ಬಾಪ್ಪ. ಮೆತ್ತಗೆ ಬಾ.”

ಆ ಮಗನನ್ನ ಎಲ್ರೂ ಗೂಬೆ ಅಂತಿದ್ರು, ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಎದ್ದಿರ್ತಿದ್ದ ಅಂತ. ಅವನೂ ನಮ್ಮ ಹುಡುಗನೂ ಒಂದೇ ಓಪನ್ ಸೋರ್ಸ್ ಪ್ರಾಜೆಕ್ಟಲ್ಲಿ ಇದ್ರು. ಊರೆಲ್ಲ ಪುಕ್ಕಟೆ ಬಳಸೋ ಸಾಫ್ಟ್‌ವೇರ್, ಮಾಡೋರಿಗೆ ಬಿಡಿಗಾಸು ಇಲ್ಲ. ಅಲ್ಲಿ ಯಾರು ಕೋಡಲ್ಲಿ ಏನು ಬದಲಾಯಿಸಿದ್ರೂ ಇನ್ನೊಬ್ಬ ನೋಡಿ ಸರಿ ಅನ್ನಬೇಕು. ರಿವ್ಯೂ ಅಂತಾರೆ. ಯಾರು ನೋಡಬೇಕು ಅಂತ ಒಂದು ಫೈಲಲ್ಲಿ ಹೆಸರು ಬರೆದಿರ್ತಾರೆ, ಆ ಹೆಸರಿಗೆ ಇಮೇಲ್ ತಾನಾಗೇ ಹೋಗುತ್ತೆ. ಒಬ್ಬ ಕೆಮ್ಮಿದ್ರೆ ಇಮೇಲ್, ಅದಕ್ಕೆ ಇನ್ನೊಬ್ಬ ಸೀನಿದ್ರೂ ಇಮೇಲ್. ಬೇರೆಯವರೆಲ್ಲ ನೋಡಿಯೂ ನೋಡದ ಹಾಗೆ ಇರ್ತಿದ್ರು. ಗೂಬೆ ಒಬ್ಬ ಪಾಪ, ಎಲ್ಲದಕ್ಕೂ ಉತ್ತರ ಕೊಡ್ತಿದ್ದ. ಕೊಡ್ತಾ ಕೊಡ್ತಾನೇ ಕೂತ ಕುರ್ಚಿಯಲ್ಲೇ ಹೋಗಿಬಿಟ್ಟ. ಹೋದ ಮೇಲೂ ಆ ಫೈಲಿಂದ ಹೆಸರು ತೆಗೀಬೇಕು ಅಂತ ಒಬ್ಬನಿಗೂ ಹೊಳೀಲಿಲ್ಲ. ಥೂ.

ಹೊಲಿಗೆಯಮ್ಮ ಪಿಸುಗುಟ್ಟಿದ್ರು. “ಅವನ ಫೋನ್ ಆಫ್ ಮಾಡಿ ಕಪಾಟಲ್ಲಿ ಇಟ್ಟಿದೀನಿ. ಆದ್ರೂ ಟಿಂಗ್ ಅನ್ನುತ್ತೆ. ಅಂದಾಗೆಲ್ಲ ಒಳಕೋಣೆಯಲ್ಲಿ ಕುರ್ಚಿ ಕಿರ್ ಅನ್ನುತ್ತೆ. ಎದ್ದು ಬಂದು ಕೂರ್ತಾನಪ್ಪ... ಹೇಗಾದ್ರೂ ಆ ಮೇಲ್ ನಿಲ್ಸು. ಸತ್ತ ಮೇಲಾದ್ರೂ ನನ್ನ ಮಗ ಮಲಗಲಿ.”

ನಮ್ಮ ಹುಡುಗ ಅಲ್ಲೇ ನೆಲದ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂತ. ಫೈಲಲ್ಲಿ ಗೂಬೆ ಹೆಸರಿದ್ದ ಸಾಲು ಅಳಿಸಿ, ಬದಲಾವಣೆ ಕಳಿಸಿದ. ಕಳಿಸಿದ ಮೇಲೆ ಅವರ ನಿಯಮ ನೆನಪಾಯ್ತು. ಯಾರ ಹೆಸರು ತೆಗೀತೀವೋ ಅವರೇ ಒಪ್ಪಬೇಕು. ಒಪ್ಪಿಗೆ ಕೇಳಿ ಇಮೇಲ್ ಆಗಲೇ ಹೋಗಿತ್ತು.

ಒಳಕೋಣೆಯಲ್ಲಿ... ಟಿಂಗ್. ಕಿರ್‌ರ್.

ಇಷ್ಟಕ್ಕೇ ಮುಗೀತಾ? ಎಲ್ಲಿ ಮುಗಿಯುತ್ತೆ. ಇಷ್ಟು ದಿನ ಸುಮ್ಮನಿದ್ದ ಗುಂಪೆಲ್ಲ ಎದ್ದು ಕೂತಿತು. ಒಬ್ಬ, ಫೈಲಿನ ಕೊನೇಲಿ ಒಂದು ಖಾಲಿ ಸಾಲು ಉಳಿದಿದೆ ಅಂದ. ಟಿಂಗ್. ಇನ್ನೊಬ್ಬ, ನಿಯಮ ಅಂದ್ರೆ ನಿಯಮ, ಸತ್ತವರಿಗೆ ಅಂತ ಬೇರೆ ಬರೆದಿಲ್ಲ ಅಂದ. ಟಿಂಗ್. ಮೂರನೆಯವನು ಆತ್ಮಕ್ಕೆ ಶಾಂತಿ ಸಿಗಲಿ ಅಂತ ಬರೆದ. ಅದಕ್ಕೂ ಟಿಂಗ್. “ದಯವಿಟ್ಟು ಇಲ್ಲಿ ಏನೂ ಬರೀಬೇಡಿ, ಒಂದೊಂದು ಮಾತೂ ಅವನಿಗೇ ಹೋಗ್ತಿದೆ” ಅಂತ ನಮ್ಮ ಹುಡುಗ ಬರೆದ... ಅದೂ ಹೋಯ್ತು. ಹೊಲಿಗೆಯಮ್ಮ ಎರಡೂ ಕಿವಿ ಮುಚ್ಕೊಂಡು ಗೋಡೆ ಕಡೆ ತಿರುಗಿ ಕೂತಿದ್ರು.

ಆಮೇಲೆ ಒಳಗಿಂದ ಬೇರೆ ಸದ್ದು. ಟಕ್... ಟಕ್ ಟಕ್... ಟಕ್. ಕೀಬೋರ್ಡು.

ಇವನ ಲ್ಯಾಪ್‌ಟಾಪಿಗೆ ಮೇಲ್ ಬಂತು. ಗೂಬೆಯಿಂದ. “ಸರಿಯಾಗಿದೆ. ತೆಗೀರಿ.”

ಇವನು ತಕ್ಷಣ ಹೆಸರು ತೆಗೆದ. ಮನೆಯೆಲ್ಲ ಸದ್ದಡಗಿತು. ಹೊಲಿಗೆಯಮ್ಮ ಕಿವಿಯಿಂದ ಕೈ ತೆಗೆದು, “ಮಲಗಿದ್ನಾ?” ಅಂದ್ರು.

ನೀವಾಗಿದ್ರೆ, ನಾನಾಗಿದ್ರೆ, ಸತ್ತವನ ಉತ್ತರ ಕಂಡು ಕಂಪ್ಯೂಟರ್ ಮುಚ್ಚಿ ಓಡ್ತಿದ್ವಿ. ಆ ಜನ ಏನು ಮಾಡಿದ್ರು ಗೊತ್ತಾ? ಖಾಲಿ ಸಾಲಿನವನು ಬರೆದ, “ಓ, ಇವರು ಇನ್ನೂ ನೋಡ್ತಿದಾರಲ್ಲ. ನನ್ನದೊಂದು ಯಾವಾಗಿಂದಲೋ ಬಿದ್ದಿದೆ.” ಬರೆದು, ತನ್ನ ಕೆಲಸದ ರಿವ್ಯೂಗೆ ಗೂಬೆ ಹೆಸರನ್ನ ತಾನೇ ಕೈಯಾರೆ ಸೇರಿಸಿದ. ಅದನ್ನ ನೋಡಿ ಇನ್ನೊಬ್ಬ ಸೇರಿಸಿದ. ಆತ್ಮಕ್ಕೆ ಶಾಂತಿ ಕೋರಿದ್ನಲ್ಲ ಮಹಾನುಭಾವ, ಅವನೂ ಸೇರಿಸಿದ. ಟಿಂಗ್ ಟಿಂಗ್ ಟಿಂಗ್... ಕುರ್ಚಿ ಕಿರ್‌ರ್ ಅಂತು. ಹೊಲಿಗೆಯಮ್ಮ ಇವನ ಮುಖವನ್ನೇ ನೋಡಿದ್ರಂತೆ.

ಮಾನ ಮರ್ಯಾದೆ ಬೇಡ್ವಾ ಮನುಷ್ಯರಿಗೆ? ಇವನು ಹೆಸರು ತೆಗೆಯೋದು, ಅವರು ಸೇರಿಸೋದು. ಮಾರನೇ ದಿನ ಪ್ರಾಜೆಕ್ಟಿನ ಹಿರಿಯನಿಗೆ ಫೋನ್ ಮಾಡಿದ.

“ಅವನು ಸತ್ತಿದಾನೆ ಸಾರ್.”

“ಗೊತ್ತಪ್ಪ, ನನಗೂ ಬೇಜಾರಿದೆ. ಆದ್ರೆ ನೋಡು, ಈಗ ಕೆಲಸ ಎಷ್ಟು ಚೆನ್ನಾಗಿ ಸಾಗ್ತಿದೆ.”

ಇವನು ಫೋನಿಟ್ಟ. ಪ್ರಾಜೆಕ್ಟಿಗೇ ಕೈಮುಗಿದು ಹೊರಗೆ ಬಂದ.

ಹೊಲಿಗೆಯಮ್ಮ ಆಮೇಲೆ ಯಾರನ್ನೂ ಕೇಳಿಕೊಳ್ಳಲಿಲ್ಲ. ಒಂದು ರಾತ್ರಿ ದಿಂಬು, ಹೊದಿಕೆ ತಗೊಂಡು ಹೋಗಿ, ಆ ಕುರ್ಚಿ ಮೇಲೆ ತಾವೇ ಕೂತರು. ಕೂರೋಕೆ ಜಾಗವೇ ಇಲ್ಲದಿದ್ರೆ ಏನು ಮಾಡ್ತಾನೆ ನೋಡೋಣ ಅಂತ. ಟಿಂಗ್ ಅಂತಾನೇ ಇತ್ತಂತೆ. ಏಳಲಿಲ್ಲ. ಹಾಗೇ ನಿದ್ದೆ ಹತ್ತಿತು. ಆ ರಾತ್ರಿ ಗೂಬೆಯಿಂದ ಯಾರಿಗೂ ಒಂದು ಉತ್ತರ ಹೋಗಲಿಲ್ಲ.

ಬೆಳಗಾಗೋದ್ರೊಳಗೆ ಒಬ್ಬ ರಿಮೈಂಡರ್ ಕಳಿಸಿದ್ದ. ಸತ್ತವನಿಗೆ ರಿಮೈಂಡರ್ ಕಳಿಸೋ ಜನ ರೀ ಅವರು.

ಅದಕ್ಕೆ ಉತ್ತರ ಹೋಗಿದ್ದು, ಹೊಲಿಗೆಯಮ್ಮ ಎದ್ದು ಮುಖ ತೊಳೆಯೋಕೆ ಹೋದಾಗ. ನಂಬದಿದ್ರೆ ಬಿಡಿ. ಓಪನ್ ಸೋರ್ಸ್ ತಾನೇ, ಆ ಪುಟ ಯಾರು ಬೇಕಾದ್ರೂ ತೆಗೆದು ನೋಡಬಹುದು. ನಾನೇ ನೋಡಿದೀನಿ, ಈ ಎರಡು ಕಣ್ಣಲ್ಲಿ.

“ಕ್ಷಮಿಸಿ, ತಡವಾಯ್ತು. ಅಮ್ಮ ಕುರ್ಚಿಯಲ್ಲಿ ಮಲಗಿದ್ರು. ಎಬ್ಬಿಸೋಕೆ ಮನಸ್ಸಾಗಲಿಲ್ಲ.”

ಅದರ ಕೆಳಗೆ ಯಾರೋ ಒಬ್ಬ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದಾನೆ. ಇನ್ನೂ ಹಾಗೇ ಇದೆ.